ಅಳತೆ ಪುಸ್ತಕದ ಹಿಂದಿನ ಪುಟಗಳು

ಡಿಸೆಂಬರ್ ಮೂವತ್ತೊಂದು. ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ
ಶಟರ್ ಅರ್ಧ ಇಳಿಸಿ ಕೂತಿದ್ದೇನೆ.
ಅಳತೆ ಪುಸ್ತಕ ಮುಗಿಯಿತು.
ಮುಂದಿನಿಂದ ಊರವರ ಮೈ ಬರೆದೆ,
ಹಿಂದಿನಿಂದ ನನ್ನ ಖುಷಿ.
ಹುತ್ತರಿ ನೂಕಿನಲ್ಲಿ ಎರಡೂ ಎದುರಾಗಿ
ಒಂದೇ ಪುಟದಲ್ಲಿ ಒತ್ತಿಕೊಂಡು ನಿಂತವು:

ದೇಚಮ್ಮ. ತೋಳು ಹನ್ನೊಂದು, ಹಿಂದಿನ ಕತ್ತು ಏಳು,
ಮಂಗಳವಾರ ಬೇಕೇ ಬೇಕು.
ಸಿನಿಮಾ, ಸಫ್ರೀನಾಳ ಫೋನಿನಲ್ಲಿ. ಪರವಾಗಿಲ್ಲ.
ಅತ್ತೆ ಪಾತ್ರದವಳ ಕೆಮ್ಮು ಮಾತ್ರ ನಿಜದ್ದು.

ಸಫ್ರೀನಾ ಪಕ್ಕದ ಬಳೆ ಅಂಗಡಿಯವಳು.
ಮಧ್ಯಾಹ್ನ ಗಿರಾಕಿ ಇಲ್ಲದಾಗ
ಮಲಯಾಳಂ ಸಿನಿಮಾ ಹಾಕಿ, ಸಾಲು ಸಾಲಿಗೆ ನಿಲ್ಲಿಸಿ
ನನಗೆ ಅರ್ಥ ಹೇಳುತ್ತಾಳೆ.
ನನ್ನ ಮನೆಮಾತು ತುಳು, ವ್ಯಾಪಾರದ್ದು ಕನ್ನಡ,
ಬೈಗುಳಕ್ಕೆ ಸ್ವಲ್ಪ ಕೊಡವ ತಕ್ಕ್ ಕೂಡ ಬರುತ್ತದೆ.
ಈ ವರ್ಷ ಮೊದಲ ಸಲ
ಅವಳು ಬಾಯಿ ತೆರೆಯುವ ಮೊದಲೇ ನಕ್ಕುಬಿಟ್ಟೆ.
ನಗು ಬಂತು, ಅರ್ಥ ಹಿಂದಿನ ಬಸ್ಸಿಗೆ.
ಅವಳು ಫೋನು ನಿಲ್ಲಿಸಿ ನನ್ನನ್ನೇ ನೋಡಿದಳು,
ಮಗು ಹೆಜ್ಜೆ ಇಟ್ಟ ಹಾಗೆ.

ರೇಡಿಯೋ ನಾಟಕದ ಕೊನೆಯ ಕಂತು ಕೇಳಲಿಲ್ಲ.
ಜುಲೈ ಗಾಳಿಗೆ ಸಿಲ್ವರ್ ಮರ ತಂತಿಯ ಮೇಲೆ ಬಿತ್ತು,
ಅಂಗಡಿಗಳಲ್ಲಿ ಸೆಲ್ಲು ಖಾಲಿ.
ಬಾಳೆಲೆಯ ಟೀಚರು ಹೇಳಿದರು, ಅವನು ವಾಪಸು ಬಂದ.
ಅಂಚೆಯ ಬೆಳ್ಯಪ್ಪಣ್ಣ ಹೇಳಿದರು, ಬರಲಿಲ್ಲ, ಕಾಗದ ಬಂತು.
ಇಬ್ಬರದ್ದೂ ಕೇಳಿಕೊಂಡೆ, ಇಬ್ಬರ ಬಟ್ಟೆಯೂ ಹೊಲಿದೆ.
ನನ್ನ ಲೆಕ್ಕದಲ್ಲಿ ಅವನು ಇನ್ನೂ
ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಾನೆ.

ಮೈಸೂರಿನ ಮಾಲ್‌ನಲ್ಲಿ ಒಬ್ಬಳೇ ನೋಡಿದ ಸಿನಿಮಾ
(ಇದೂ ಮೊದಲು)
ಹೆಸರು ಕೂಡ ಬರೆದಿಲ್ಲ.
ಬರೆದಿರುವುದು ವಾಪಸು ದಾರಿ:
ತಿತಿಮತಿ ಹತ್ತಿರ ಬಸ್ಸು ನಿಂತಿತು,
ರಸ್ತೆಗೆ ಅಡ್ಡ ಒಂದು ಆನೆ, ಕಾಲ ಕೆಳಗೆ ಮರಿ.
ಡ್ರೈವರ್ ಎಂಜಿನ್ ಆರಿಸಿದ.
ಅಳುತ್ತಿದ್ದ ಕೂಸೂ ಸುಮ್ಮನಾಯಿತು.
ಇಪ್ಪತ್ತು ನಿಮಿಷ ನಾವು ನಲವತ್ತು ಜನ
ಟಿಕೆಟ್ಟು ಕೊಟ್ಟವರಂತೆ ಕತ್ತಲಲ್ಲಿ ಕೂತು ನೋಡಿದೆವು.
ಮರಿ ಬಿದ್ದ ಬಿದಿರನ್ನು ಮೂಸಿ, ಬೇಡವೆಂದು ಬಿಟ್ಟಿತು.
ಆಟ ಅಷ್ಟೇ.
ಪಕ್ಕದಲ್ಲಿ ನಾನೇ ಬರೆದ ಗುರುತು: ಮತ್ತೆ ನೋಡಬೇಕು.

ಮೇ ತಿಂಗಳಲ್ಲಿ ಹಾಕಿ.
ಹದಿನೆಂಟು ಜರ್ಸಿ ನನ್ನ ಮಿಷನ್ನಿಂದ ಹೋದವು,
ಬೆನ್ನಿಗೆ ಬಿಳಿ ಅಂಕಿ ಹೊಲಿದು.
ಹದಿನಾರು ವರ್ಷದಿಂದ ಹೊಲಿಯುತ್ತೇನೆ, ಆಟ ನೋಡಿದವಳಲ್ಲ.
ಈ ಸಲ ಮೈದಾನಕ್ಕೇ ಹೋದೆ.
ಚೆಂಡು ಎಲ್ಲಿದೆಯೋ ತಿಳಿಯಲಿಲ್ಲ,
ನನ್ನ ಅಂಕಿಗಳು ಓಡುವುದು ಮಾತ್ರ ಕಂಡಿತು.
ಎರಡನೇ ಅರ್ಧದಲ್ಲಿ ಏಳನೇ ನಂಬರಿನ ದಾರ ಬಿಟ್ಟು
ಅಂಕಿ ರೆಕ್ಕೆಯ ಹಾಗೆ ಪಟಪಟ ಹೊಡೆದುಕೊಂಡಿತು.
ಹುಡುಗನಿಗೆ ಗೊತ್ತಿಲ್ಲ, ಅವನು ಗೋಲು ಹೊಡೆದ.
ಎಲ್ಲರೂ ಎದ್ದು ಕೂಗಿದರು.
ನಾನು ಸೀಟಿನಲ್ಲೇ ಕೂತು ನಾಚಿಕೊಂಡೆ,
ಆಮೇಲೆ ಎಲ್ಲರಿಗಿಂತ ತಡವಾಗಿ, ಒಬ್ಬಳೇ ಎದ್ದು ಕೂಗಿದೆ.
ವರ್ಷದ ಇಷ್ಟ ಯಾವುದು ಎಂದರೆ ಅದೇ.
ಕೆಟ್ಟ ಹೊಲಿಗೆ, ನನ್ನದೇ.

ಇನ್ನೂ ಇವೆ, ಅಕ್ಷರ ಅಂಟಿಕೊಂಡಿವೆ.
ಬೆಣ್ಣೆಹಣ್ಣಿನ ಐಸ್‌ಕ್ರೀಮು: ಸೋಪಿನ ಹಾಗಿದೆ.
ಕನ್ನಡಕ: ಸೂಜಿಗೆ ಕಣ್ಣಿದೆ ಎಂದು ನೆನಪಾಯಿತು.
ಒಬ್ಬ ಗಿರಾಕಿಗೆ ‘ಆಗುವುದಿಲ್ಲ’ ಎಂದೆ. ಆಗಲಿಲ್ಲ, ಏನೂ ಆಗಲಿಲ್ಲ.

ಕೊನೆಯ ಖಾಲಿ ಜಾಗದಲ್ಲಿ ಈಗ ಬರೆಯುತ್ತಿದ್ದೇನೆ.
ಹೆಸರು: ವನಜಾಕ್ಷಿ. ಎದೆ ಮೂವತ್ತೆಂಟು, ತೋಳು ಒಂಬತ್ತೂವರೆ.
ನನ್ನ ಟೇಪು ನನ್ನನ್ನೇ ಸುತ್ತಿದ್ದು ಇದೇ ಮೊದಲು,
ಬೆನ್ನ ಹಿಂದೆ ಕೈ ಎಟುಕದೆ ಎರಡು ಸಲ ಜಾರಿತು.
ಚೂಡಿದಾರ್, ನೀಲಿ. ಎರಡೂ ಕಡೆ ಜೇಬು,
ಆಳವಾಗಿ.

ಶಟರಿಗೆ ಬಡಿಯುತ್ತಿದ್ದಾರೆ.
ದೇಚಮ್ಮ ಇರಬೇಕು.
ಆ ಮಂಗಳವಾರ ಕಳೆದು
ಮೂರು ಮಂಗಳವಾರ ಆಯಿತು.