ನಾಲ್ಕು ಬೆರಳು

ಬಾಣಾವರದ ನಮ್ಮ ಶಾಲೆಗೆ
ಹೈಸ್ಕೂಲಿನವರು ಬಿಟ್ಟುಕೊಟ್ಟದ್ದು
ಹನ್ನೊಂದು ಬೆಂಚು, ಹನ್ನೊಂದು ಡೆಸ್ಕು.
ಎರಡನೇ ಕ್ಲಾಸಿನ ಕಾಲುಗಳು
ನೆಲ ಸಿಗದೆ ತೂಗುತ್ತಿದ್ದವು
ಇನ್ನೂ ತೊಟ್ಟಿಲಲ್ಲೇ ಇದ್ದಂತೆ.

ಉಮೇರಾ ಬರೆಯುವಾಗ
ಗದ್ದ ಡೆಸ್ಕಿನ ಅಂಚಿಗೆ, ಭುಜ ಕಿವಿಗೆ.
‘ನೆಟ್ಟಗೆ ಕೂತ್ಕೊಳೇ’ ಅಂತ ಗದರಿದ್ದೆ
ಎಷ್ಟು ಸಲವೋ, ನಾನೇ.

ರಿಪೇರಿಗೆ ಬಂದ ಕಾಳಾಚಾರಿ
ಬೆಂಚಿನ ಕಡೆ ನೋಡಲೇ ಇಲ್ಲ.
ಅವಳನ್ನು ನಿಲ್ಲಿಸಿ
ಹಿಮ್ಮಡಿಯಿಂದ ಮಂಡಿಗೆ ದಾರ ಹಿಡಿದ,
ಆಮೇಲೆ ಮೊಣಕೈಗೆ.
‘ಮೇಡಮ್ಮೋರೆ, ಮಗು ಸೊಟ್ಟ ಇಲ್ಲ,
ಮರ ಹೆಚ್ಚಾಗದೆ.
ಬೆಂಚು ನಾಲ್ಕು ಬೆರಳು, ಡೆಸ್ಕು ಆರು.
ಕುಯ್ಲಾ?’

ಸರ್ಕಾರಿ ಸ್ವತ್ತು!
ಸ್ಟಾಕ್ ಬುಕ್ಕು ತೆರೆದು ಬೆರಳಾಡಿಸಿದೆ:
ಸಂಖ್ಯೆ ಇದೆ, ಬೆಲೆ ಇದೆ, ಬಂದ ತಾರೀಖು.
ಎತ್ತರಕ್ಕೆ ಕಾಲಮ್ಮೇ ಇಲ್ಲ.
ಕುಯ್ಯಿ, ಅಂದೆ.

ಮೂಗಿನ ತುಂಬ ಹೊಟ್ಟಿನ ವಾಸನೆ.
ಉಮೇರಾ ಕೂತಳು. ಎರಡೂ ಪಾದ ಊರಿ
ಒಮ್ಮೆ ತಟ್ಟಿ ನೋಡಿದಳು
ನೆಲ ನಿಜವೇ ಅಂತ.
ನಾನು ಏನೂ ಹೇಳಲಿಲ್ಲ;
ಬೆನ್ನು ತಾನಾಗಿ ಎದ್ದು ನಿಂತಿತು.

ಆಡಿಟ್ಟಿಗೆ ತೋರಿಸಲೆಂದು ಎತ್ತಿಟ್ಟ
ಮರದ ತುಂಡು ಎಂಬತ್ತೆಂಟು.
ನಿನ್ನೆ ಎಣಿಸಿದೆ, ಎಂಬತ್ತೈದು.
ಅಂಗಳದಲ್ಲಿ ಯಾರೋ
ಕುಳ್ಳ ವಿಕೆಟ್ ನೆಟ್ಟಿದ್ದಾರೆ.