ನಲವತ್ತು ಲೀಟರ್

ಮೊದಲು ಜಾಗ. ಕೋಟು ನೇತುಹಾಕುವ ಗೂಟಗಳ ಕೆಳಗೆ,
ಬ್ರೆಮರ್‌ಹಾಫೆನ್ನಿನ ಜಿಪುಣ ಬಿಸಿಲೂ ತಪ್ಪಿ ಬಾರದ ಮೂಲೆ.
ಉದ್ದ ನಲವತ್ತೈದು, ಅಗಲ ಮೂವತ್ತು,
ನೀರು ಮೂವತ್ತು ಸೆಂಟಿಮೀಟರಿಗೆ ನಿಲ್ಲಬೇಕು.
ಡಯಾಲಿಸಿಸ್ ಕೇಂದ್ರದ ಹಳೇ ಪಾಳಿಪಟ್ಟಿಯ ಬೆನ್ನಿಗೆ
ಪೆನ್ಸಿಲಿನಲ್ಲಿ ಪೆಟ್ಟಿಗೆ ಬರೆದೆ.
ದೀಪದ ಖರ್ಚು ಎಂಬಲ್ಲಿ ಸೊನ್ನೆ.

ದೀಪವಿಲ್ಲದೆ ಹವಳವೇ,
ಎಂದರು ನಾಲ್ಕನೇ ಕುರ್ಚಿಯ ಟ್ಯಾರ್ಕ್ಸ್.
ಸೋಮ, ಬುಧ, ಶುಕ್ರ, ನಾಲ್ಕೂವರೆ ತಾಸು ಅವರದು.
ಟ್ರಾಲರಿನಲ್ಲಿ ಇಪ್ಪತ್ತಾರು ಜನಕ್ಕೆ ಬೇಯಿಸಿ ಹಾಕಿದ ತೋಳಿಗೆ
ಈಗ ಎರಡು ಸೂಜಿ.

ಬೇರೆ ಹವಳಗಳ ಮೈಯಲ್ಲಿ ಪಾಚಿ ಒಕ್ಕಲಿದೆ, ಎಂದೆ,
ಬಿಸಿಲಲ್ಲಿ ಬೇಯಿಸಿ ಗೇಣಿ ಅಳೆಯುತ್ತದೆ.
ಇವಕ್ಕೆ ಒಕ್ಕಲಿಲ್ಲ.
ಗವಿಯ ಸೂರಿಗೆ ತಲೆಕೆಳಗಾಗಿ ಅಂಟಿಕೊಂಡು
ಹರಿದು ಬಂದದ್ದನ್ನು ಹಿಡಿದು ತಿನ್ನುವ ಜಾತಿ.

ಹಾಗಾದರೆ ನನ್ನ ಗಿರಾಕಿಗಳು, ಎಂದರು.
ಯಂತ್ರ ಕೂಗಿತು.
ಕೈ ಮಡಿಸಬೇಡಿ, ಎಂದೆ.

ತೊಡಕು ಇರುವುದು ಊಟದಲ್ಲೇ.
ಹಸಿವೆಗೆ ಸಾಕಷ್ಟು ಹಾಕಿದರೆ ನೀರು ಕೆಡುತ್ತದೆ,
ನೀರಿಗೆ ಅಂಜಿ ಕೈ ಬಿಗಿಹಿಡಿದರೆ
ತಿಂಗಳುಗಟ್ಟಲೆ, ಸದ್ದಿಲ್ಲದೆ, ಮೂಳೆಗೆ ಅಂಟುತ್ತ ಸಾಯುತ್ತವೆ.
ಊಟ ಬಲ್ಲವನಿಗೆ ರೋಗವಿಲ್ಲ ಎಂದವರು
ಯಾರೋ ನೀರು ಬದಲಿಸುವ ಕೆಲಸವಿಲ್ಲದವರು.
ಫಾಸ್ಫೇಟ್ ಏರುತ್ತದೆ, ಎಂದೆ.
ಟ್ಯಾರ್ಕ್ಸ್ ಗೊಳ್ಳೆಂದು ನಕ್ಕರು, ರಕ್ತದೊತ್ತಡದ ಅಂಕಿ ಜಿಗಿಯುವಷ್ಟು.
ಚೀಸ್ ಬೇಡ, ಕೋಲಾ ಬೇಡ, ಡಬ್ಬಿಯ ಮೀನು ಬೇಡ,
ದಿನಕ್ಕೆ ಮುಕ್ಕಾಲು ಲೀಟರ್, ಸೂಪೂ ಸೇರಿ:
ಆ ಪದವನ್ನು ನಾನು ಅವರಿಗೆ ಕಲಿಸಬೇಕೆ.

ಉಗ್ರಾಣದಲ್ಲಿ, ಸೇವೆಯಿಂದ ಇಳಿಸಿದ ಯಂತ್ರವೊಂದಿದೆ.
ಅದರ ಉರುಳೆ ಪಂಪನ್ನು ಬಿಚ್ಚಿಕೊಳ್ಳಲು ಮುಖ್ಯಸ್ಥೆ ಗುಂಡುಲಾ ಒಪ್ಪಿದ್ದಾಳೆ,
ಎರಡು ಕಡೆ ಸಹಿ ಹಾಕಿಸಿಕೊಂಡು.
ಹನ್ನೊಂದು ವರ್ಷ ರಕ್ತವನ್ನು ಮುಟ್ಟದೆಯೇ ತಳ್ಳಿದ ಉರುಳೆ.
ಇನ್ನು ಗಂಟೆಗೊಮ್ಮೆ ಸಿಗಡಿಮರಿಯ ಗಂಜಿ ತಳ್ಳಲಿ,
ನಾನು ಪಾಳಿಯಲ್ಲಿರಲಿ, ನಿದ್ದೆಯಲ್ಲಿರಲಿ.

ಶನಿವಾರ ಕುಕ್ಸ್‌ಹಾಫೆನ್ನಿಗೆ ಹೋದೆ.
ಅಂಗಡಿಯ ಓನ್ನೊ ತೋರಿಸಿದ ಒಂದನ್ನು:
ಗಾಜಿನಂಥ ಕಾಂಡ, ತುದಿಯೆಲ್ಲ ಕಡುಗೆಂಪು,
ನೋಡುತ್ತ ನೋಡುತ್ತ ಕೈ ಪರ್ಸಿಗೆ ಹೋಗಿತ್ತು.
ಎಷ್ಟು ದಿನ ಬಾಳುತ್ತದೆ?
ಓನ್ನೊ ಒಣಗಿದ್ದ ಕೈಗಳನ್ನೇ ಇನ್ನೊಮ್ಮೆ ಒರೆಸಿಕೊಂಡ.
ಕೆಲವರ ಬಳಿ ಎರಡು ತಿಂಗಳು, ಅಂದ.
ಪಟ್ಟಿಯಿಂದ ಹೊಡೆದುಹಾಕಿದೆ.
ಬಸ್ಸು ಬಂದರು ದಾಟುವವರೆಗೂ ಕೆಂಪು ಕಣ್ಣಲ್ಲೇ ಇತ್ತು.

ಉಳಿದದ್ದು ಒಂದು ಸೂರ್ಯಹವಳ, ಮುಷ್ಟಿ ಗಾತ್ರ,
ಹೆಸರಿಗಷ್ಟೇ ಸೂರ್ಯ.
ಅರ್ಧ ಬಾಯಿಗಳು ಸೊರಗಿವೆ, ಅದಕ್ಕೇ ಅರ್ಧ ಬೆಲೆ.
ಆರು ವಾರ ಇಟ್ಟಿರು ಎಂದು ಮುಂಗಡ ಕೊಟ್ಟೆ.

ಬಾಯಿ ತೆರೆಯದಿದ್ದರೆ?
ಅಡುಗೆಯವನನ್ನು ಕೇಳು, ಎಂದರು ಟ್ಯಾರ್ಕ್ಸ್.
ಐಸ್‌ಲ್ಯಾಂಡಿನಾಚೆ ಬಿರುಗಾಳಿ ಎದ್ದಾಗ
ಮೂರು ದಿನ ಯಾರೂ ಮೇಜಿಗೆ ಬರುತ್ತಿರಲಿಲ್ಲ.
ಬಡಿಸಿ ಕರೆದರೆ ಬಯ್ಯುವರು.
ಈರುಳ್ಳಿಯೊಂದನ್ನೇ ಬಾಣಲೆಗೆ ಹಾಕುತ್ತಿದ್ದೆ, ಬಾಗಿಲು ತೆರೆದಿಟ್ಟು.
ಹುಡುಗರು ಗೋಡೆ ಹಿಡಿದು ಒಬ್ಬೊಬ್ಬರೇ ಬಂದರು.
ಮೊದಲು ವಾಸನೆ ಕಳಿಸು. ಕಾಲು ಗಂಟೆ ಕಾಯಿ. ಆಮೇಲೆ ಊಟ.

ಬರೆದುಕೊಂಡೆ: ಸಿಗಡಿ ರಸ, ಎರಡು ಹನಿ, ಕಾಯುವುದು.

ವಾರಕ್ಕೆರಡು ಸಲ ಎಂಟು ಲೀಟರ್ ಬದಲಿಸಬೇಕು ಎಂದಾಗ
ಅವರು ನನ್ನ ಚಿತ್ರವನ್ನು ಇನ್ನೊಂದು ಕೈಯಲ್ಲಿ ಹಿಡಿದು,
ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದರು.
ಅವರ ಹನ್ನೊಂದು ದಿನದ ನೀರು ಅಷ್ಟೇ ಆಗುತ್ತದೆ ಎಂದು
ಲೆಕ್ಕ ಹಾಕಿದ್ದು ನಾನು, ಅವರಲ್ಲ.
ಎಲ್ಲ ಸರಿ, ಎಂದರು,
ಬಕೆಟ್ಟು ಎಲ್ಲಿ ಇಡುತ್ತೀ?

ಬಕೆಟ್ಟಿಗೆ ಜಾಗ ಬಿಟ್ಟಿರಲಿಲ್ಲ.
ನಾಳೆ ಸುತ್ತಿಗೆ ತಂದು
ಗೂಟಗಳನ್ನು ಒಂದು ಗೇಣು ಎಡಕ್ಕೆ ಸರಿಸಬೇಕು.