ಹರಿಯೋಕೆ ಅರವತ್ತು

ಸಿಂಥಿಯಾ ಮಿಸ್ ಹೇಳಿದ್ದು ಇಷ್ಟೇ:
ಸಿನಿಮಾ, ಬಟ್ಟೆ, ಊಟ,
ಮೂರಕ್ಕೂ ಒಂದೊಂದು ಕಾಲಂ.
ಸೋಮವಾರ ಒಂಬತ್ತಕ್ಕೆ ಟೇಬಲ್ ಮೇಲಿರಬೇಕು,
ಫೋಟೋ ನೀನೇ ತೆಗಿ.

ಶುಕ್ರವಾರ ಗಾಂಧಿನಗರ.
ಬೆಳಗಿನ ಆರೂವರೆ ಆಟ.
ನಲವತ್ತಡಿ ಕಟೌಟಿನ ಹೆಗಲ ಮೇಲೆ ನಿಂತ ಹುಡುಗ
ಪ್ಯಾಕೆಟ್ಟನ್ನ ಹಲ್ಲಲ್ಲೇ ಕಚ್ಚಿ ಹರಿದು
ಹಾಲು ಸುರೀತಿದ್ದ.
ಹಾಲು ಹೀರೋನ ಕಾಲರಿನಿಂದಿಳಿದು
ಗುಂಡಿಗೆ ಗುಂಡಿ ದಾಟಿ
ಕೆಳಗೆ ತಟ್ಟೆ ಇಡ್ಲಿ ಗಾಡಿಯ
ನೀಲಿ ಟಾರ್ಪಾಲಿನ ಮೇಲೆ ತೊಟ್ಟಿಕ್ಕಿತು.
ಇಡ್ಲಿಯಮ್ಮ ಕತ್ತೆತ್ತಿ
'ಹೆಪ್ಪು ಹಾಕಿ ಸುರೀರಪ್ಪ,
ಮೊಸರಾದ್ರೂ ಮಾರ್ಕೊತೀನಿ' ಅಂದಳು.

ಈಗ ಹೇಳಿ ಮಿಸ್,
ಈ ಹಾಲು ಯಾವ ಕಾಲಮ್ಮಿಗೆ?

ಶನಿವಾರ ಇಂದಿರಾನಗರ.
ವನಮಾಲಾಗೆ ಅತ್ತೆ ಕೊಟ್ಟ ದುಡ್ಡು,
ಇಬ್ಬರಿಗೂ ಸೇರಿ ಒಂದೇ ಊಟ.
ಕಪ್ಪು ಕಲ್ಲಿನ ತಟ್ಟೆ ಬಂತು.
ಮೇಲೆ ಗೋಲಿ ಗಾತ್ರದ ಮೂರು ಮುದ್ದೆ,
ತಲೆಗೊಂದೊಂದು ಕೊತ್ತಂಬರಿ ಎಲೆ,
ಪಕ್ಕದಲ್ಲಿ ಶಾಟ್ ಗ್ಲಾಸಿನಲ್ಲಿ ಬಸ್ಸಾರು.
ಬಿಲ್ಲು ನಾನೂರ ಎಪ್ಪತ್ತು, ತೆರಿಗೆ ಬೇರೆ.
ವನಮಾಲಾ ಏಳು ಫೋಟೋ ತೆಗೆದಳು,
ಅಷ್ಟರಲ್ಲಿ ಮುದ್ದೆ ಆರಿ ಬಿರುಕು ಬಿಟ್ಟಿತು.
ಅಪ್ಪ ಇದ್ದಿದ್ರೆ ತಟ್ಟೆ ಎತ್ತಿ ಅಡಿ ನೋಡಿ
'ಮಿಕ್ಕಿದ್ದೆಲ್ಲಿ?' ಅಂತ ಕೇಳಿರೋನು.
ರುಚಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.
ಆಮೇಲೆ ಬಸ್ ಸ್ಟಾಪಿನ ಹತ್ತಿರ ನಿಂತು
ಒಂದೊಂದು ಪ್ಲೇಟು ಮಸಾಲೆ ಪುರಿ ತಿಂದೆವು,
ಎರಡು ಸಲ ರಸ ಹಾಕಿಸ್ಕೊಂಡು.
ಅದರ ಫೋಟೋ ಯಾರೂ ತೆಗೀಲಿಲ್ಲ.

ಬಟ್ಟೆ ಒಂದು ಬಾಕಿ.

ಈ ವರ್ಷ ಕಾಲೇಜಲ್ಲಿ
ಎಲ್ಲರ ಮಂಡಿಯೂ ಹೊರಗಿದೆ.
ಹರಿದ ಜೀನ್ಸು ಹೊಸದು ಕೊಳ್ಳೋಕೆ ಎರಡೂವರೆ ಸಾವಿರ.
ನನ್ನ ಹಳೇದನ್ನ ಸುತ್ತಿಕೊಂಡು
ಕಬ್ಬನ್‌ಪೇಟೆ ಓಣಿಗೆ ಹೋದೆ.
ದಸ್ತಗೀರ್ ಸಾಬರ ಅಂಗಡಿ ಅಂದರೆ
ಒಂದು ಮಿಷಿನ್ನು, ಒಂದು ಸ್ಟೂಲು,
ಗೋಡೆಗೆ ನೇತುಹಾಕಿದ ರೇಟು:
ಜಿಪ್ ನಲವತ್ತು,
ಹೊಲಿಯೋಕೆ ಇಪ್ಪತ್ತು,
ಹರಿಯೋಕೆ ಅರವತ್ತು.

ಬರೆಯೋರು ತಪ್ಪು ಬರೆದಿರಬೇಕು ಅಂದ್ಕೊಂಡೆ.
'ಕತ್ತರಿ ನನ್ನತ್ರಾನೂ ಇದೆ ಸಾಬ್' ಅಂದೆ.
ಕನ್ನಡಕ ಮೇಲೇರಿಸಿ ನಕ್ಕರು.
'ನೀನು ಹರಿದ್ರೆ ಹರಿಯುತ್ತೆ ಅಷ್ಟೇ ಬೇಟಿ.
ನೀಲಿ ನೂಲು ಕಿತ್ತು ಬಿಳಿ ನೂಲು ಉಳಿಸಬೇಕು,
ಒಗೆದರೂ ಇನ್ನಷ್ಟು ಬಾಯಿ ಬಿಡಬಾರದು.
ಹೊಲಿಗೆ ಅಂದ್ರೆ ಮುಚ್ಚೋದು. ಬೇಗ ಆಗುತ್ತೆ.'
ಮೊದಲು ಜನ ಸಿನಿಮಾ ಟಿಕೀಟಿನ ಹಿಂದೆ
ಹೀರೋನ ಕಾಲರು ಗೀಚಿಕೊಂಡು ಬರ್ತಿದ್ರಂತೆ,
ಈಗ ಫೋನು ಮುಖಕ್ಕೆ ಹಿಡೀತಾರೆ.
'ಕೆಲಸ ಅದೇ. ಕಣ್ಣು ಮಾತ್ರ ನೋಯುತ್ತೆ.'

ಸುಣ್ಣದ ಕಡ್ಡಿ ತಗೊಂಡು, ಜೀನ್ಸು ಉಟ್ಟು ನಿಂತ
ನನ್ನ ಕಾಲು ನೋಡಿ, ಸ್ಟೂಲು ತಳ್ಳಿದರು.
'ಕೂತ್ಕೊ.
ನಿಂತಾಗಿನ ಮಂಡಿ ಬೇರೆ, ಕೂತಾಗಿನ ಮಂಡಿ ಬೇರೆ.
ಕೂರದೆ ಗುರುತು ಹಾಕಿದ್ರೆ
ಹರಕು ತೊಡೆಗೆ ಬಂದು ನಿಲ್ಲುತ್ತೆ.'

ಮನೇಲಿ ಅಮ್ಮ ಬಾಗಿಲಲ್ಲೇ ನೋಡಿದಳು.
ದುಡ್ಡು ಕೊಟ್ಟು ಹರಿಸ್ಕೊಂಡು ಬಂದ್ಯಾ ಅನ್ನಲಿಲ್ಲ,
ಅಂತಾಳೆ ಅಂತ ಉತ್ತರ ರೆಡಿ ಇಟ್ಕೊಂಡಿದ್ದೆ.
ಬಗ್ಗಿ ಬೆರಳಲ್ಲಿ ಬಿಳಿ ನೂಲು ಸವರಿದಳು.
'ನಿಮ್ಮಜ್ಜಿ ಹತ್ರ ಇದ್ದಿದ್ದು ಎರಡು ಸೀರೆ.
ಹರಿದ ಜಾಗ ನೆರಿಗೆ ಒಳಗೆ ಬರೋ ಹಾಗೆ
ದಿನಾ ಬೆಳಿಗ್ಗೆ ಲೆಕ್ಕ ಹಾಕಿ ಉಡೋಳು.
ಹರಕು ದೊಡ್ಡದಾದ ಹಾಗೆ
ನೆರಿಗೆ ಜಾಸ್ತಿ ಆಗೋದು.
ಬೀದಿಯಲ್ಲೆಲ್ಲ ಅವಳ ನೆರಿಗೆ ನೋಡಿ
ಹೆಂಗಸರು ಕಲಿಯೋಕೆ ಬರೋರು.'
ಇಷ್ಟು ಹೇಳಿ ಸಾರಿಗೆ ಒಗ್ಗರಣೆ ಹಾಕೋಕೆ ಹೋದಳು.

ಮಿಸ್, ಭಾನುವಾರ ರಾತ್ರಿ ಹನ್ನೊಂದೂವರೆ.
ಮೂರು ಕಾಲಮ್ಮೂ ಒಂದರೊಳಗೊಂದು ಸೋರಿವೆ,
ಹಾಲಿಗಿನ್ನೂ ಜಾಗ ಸಿಕ್ಕಿಲ್ಲ.
ಅಜ್ಜಿಯ ಫೋಟೋ ಒಂದೇ ಇರೋದು,
ಅದರಲ್ಲಿ ಅವಳು ಕೂತಿದಾಳೆ,
ನೆರಿಗೆ ಕಾಣಲ್ಲ.
ಪದ ಜಾಸ್ತಿಯಾದ್ರೆ ಎಲ್ಲಿ ಬೇಕಾದ್ರೂ ಹರೀರಿ,
ಬಿಳಿ ನೂಲು ಮಾತ್ರ ಬಿಡಿ.
ಇದನ್ನ ಕೂತೇ ಬರೆದಿದೀನಿ.
ಮಂಡಿಗೆ ಗಾಳಿ ಬೀಸ್ತಿದೆ.